ಕ್ಯಾನ್ಸರ್‌ಗೆ ಗಂಡು, ಹೆಣ್ಣು, ಜಾತಿ ಗೊತ್ತಾ?

“ಕ್ಯಾನ್ಸರ್ ಎಲ್ಲರಿಗೂ ಒಂದೇ, ಟ್ರಾನ್ಸ್‌ಜೆಂಡರ್ ರೋಗಿಗಳಿಗೆ ಬೇರೆ ಏನು ಕಷ್ಟ?” ಅಂತ ಕೇಳಿದ್ದೀರಿ. ಗಡ್ಡೆ ಒಂದೇ, ಒಪ್ಪಿದೆ. ಉಳಿದದ್ದು ಕೇಳಿ.

ನಾನು ಕೊಪ್ಪಳದ ಕಡೆಯ ಟ್ರಾನ್ಸ್ ಹೆಂಗಸು. ಬಾಯಿ ಕ್ಯಾನ್ಸರ್ ಆದ ನಮ್ಮೂರ ಜೋಗಪ್ಪ ಒಬ್ಬರನ್ನು ಬೆಂಗಳೂರಿಗೆ ಕರೆತಂದು ಜೊತೆಗಿದ್ದೆ. ಯಲ್ಲಮ್ಮನ ಮುತ್ತು ಕಟ್ಟಿಸಿಕೊಂಡು ದೇವಿಗೆ ಮೀಸಲಾದವರು, ದಲಿತರು, ಸೀರೆ ಉಡುವವರು. ಆಧಾರ್‌ನಲ್ಲಿ ಮಾತ್ರ ‘ಪುರುಷ’. ಅಡ್ಮಿಟ್ ಆದ ದಿನ ಗಂಡಸರ ವಾರ್ಡು ಕೊಟ್ಟರು. “ಯವ್ವಾ, ಇಲ್ಲಿ ಸೀರಿ ಬದಲಿಸೂದು ಹ್ಯಾಂಗ?” ಅಂದರು.

ಆಪರೇಷನ್ ಹೇಗೋ ಮುಗಿಯಿತು. ಸೋಲಿಸಿದ್ದು ರೇಡಿಯೇಷನ್. ವಾರಕ್ಕೆ ಐದು ದಿನದಂತೆ 30 ಸಲ, ಅಂದರೆ ಆರು ವಾರ. ಬಿಪಿಎಲ್ ಕಾರ್ಡಿತ್ತು, ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುವುದರಿಂದ ಬಿಲ್ಲಿನ ಚಿಂತೆಯಿರಲಿಲ್ಲ. ಉಳಿಯುವುದೆಲ್ಲಿ? ಧರ್ಮಶಾಲೆಯಲ್ಲಿ ಗಂಡಸರಿಗೊಂದು ಹಾಲ್, ಹೆಂಗಸರಿಗೊಂದು ಹಾಲ್. ಎರಡೂ ಕಡೆ ಆಗಲ್ಲ ಅಂದರು. ಬಾಡಿಗೆ ರೂಮಿನವರು ನಮ್ಮಿಬ್ಬರನ್ನು ನೋಡಿಯೇ ಬಾಗಿಲು ಹಾಕಿಕೊಂಡರು. ಕೊನೆಗೆ ಹಮಾಮಿನವರೊಬ್ಬರು (ಹಮಾಮು ಅಂದರೆ ನಮ್ಮ ಸಮುದಾಯದವರು ಕೂಡಿ ಇರುವ ಮನೆ) ಜಾಗ ಕೊಟ್ಟರು, ಆಸ್ಪತ್ರೆಗೆ ಎರಡು ಬಸ್ ಹತ್ತಬೇಕು. ಬಾಯಿ ತುಂಬ ಹುಣ್ಣು, ಊಟಕ್ಕೆ ಮೂಗಿನಲ್ಲಿ ನಳಿಗೆ. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು. ಸೀರೆ ಕಂಡೋ, ನಳಿಗೆ ಕಂಡೋ, ಹರಿದ ಚಪ್ಪಲಿ ಕಂಡೋ? ನನಗೆ ಬಿಡಿಸಿ ಹೇಳಲಾಗದು. ಅವರಿಗೂ ಗೊತ್ತಿತ್ತೋ ಇಲ್ಲವೋ.

ಚೌಡಿಕೆ ವಾದ್ಯ ಹಿಡಿದು ಹಾಡಿ ಜೋಗ ಬೇಡುವುದೇ ಅವರ ದುಡಿಮೆ. ಬಾಯಿಯ ಜೊತೆ ಅದೂ ಹೋಯಿತು. ನಾಲ್ಕನೇ ವಾರಕ್ಕೆ ಸವದತ್ತಿಯ ಭರತ ಹುಣ್ಣಿಮೆ ಬಂತು, ವರ್ಷದ ಗಳಿಕೆಯ ಜಾತ್ರೆ. ಹೋಗ್ತೀನಿ ಅಂತ ಹಟ ಹಿಡಿದರು. ನಡುವೆ ಬಿಟ್ಟರೆ ಗಡ್ಡೆ ಮರಳುವ ಅಪಾಯ ಹೆಚ್ಚು. ಆದರೂ ಹೋಗಿದ್ದರೆ ‘ಹೇಳಿದ ಮಾತು ಕೇಳದ ರೋಗಿ’ ಅಂತ ಫೈಲಿನಲ್ಲಿ ಬರೆಯುತ್ತಿದ್ದರು, ಅಷ್ಟೇ. ನಾವು ಏಳೆಂಟು ಜನ ಚಂದಾ ಎತ್ತಿ ನಿಲ್ಲಿಸಿಕೊಂಡೆವು.

ಅದೇ ಆಸ್ಪತ್ರೆಗೆ ಸಾಫ್ಟ್‌ವೇರ್ ಕೆಲಸದ ಟ್ರಾನ್ಸ್ ಗಂಡಸೊಬ್ಬರೂ ಬರುತ್ತಿದ್ದರು. ಇನ್ಶೂರೆನ್ಸಿತ್ತು, ಇಂಗ್ಲಿಷಿತ್ತು, ಕಾರಿತ್ತು. ದಾಖಲೆಯಲ್ಲಿ ಗಂಡು, ಪರೀಕ್ಷೆ ಆಗಬೇಕಿದ್ದದ್ದು ಗರ್ಭಕಂಠಕ್ಕೆ, ಕಂಪ್ಯೂಟರ್ ಒಪ್ಪಲಿಲ್ಲ. ಅವರಿಗೂ ಅವಮಾನವೇ, ಆದರೆ ಅಂದು ಸಂಜೆಯೇ ಡಾಕ್ಟರೊಂದಿಗೆ ನೇರ ಮಾತಾಡಿ ಸರಿಮಾಡಿಸಿಕೊಂಡರು.

ನಿಮ್ಮವರು ಯಾರಾದರೂ ಇದ್ದರೆ: ಚಿಕಿತ್ಸೆಯ ಒಪ್ಪಿಗೆಗೆ ಎಚ್ಚರವಾಗಿರುವ ವಯಸ್ಕ ರೋಗಿಯ ಸ್ವಂತ ಸಹಿ ಸಾಕು, ರಕ್ತ ಸಂಬಂಧಿಯೇ ಬರಬೇಕು ಅಂದರೆ ವಾದಿಸಿ. 2019ರ ಕಾಯ್ದೆಯಡಿ ಡಿಸಿ ಕೊಡುವ ಗುರುತಿನ ಚೀಟಿ ಇದ್ದರೆ ಜೊತೆಗಿಟ್ಟುಕೊಳ್ಳಿ. ರೇಡಿಯೇಷನ್ ತಾರೀಖು ತೆಗೆದುಕೊಳ್ಳುವ ಮೊದಲೇ, ಆರು ವಾರ ಮಲಗುವುದೆಲ್ಲಿ ಅಂತ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ.