600 ಜನರ ಮದುವೆಯಲ್ಲಿ ಬಂದವರನ್ನು ನೋಡಿಕೊಳ್ಳಲು ಎಷ್ಟು ಜನ ಬೇಕು?

ಸಾಗರದ ಛತ್ರದಲ್ಲಿ ಮೇ ತಿಂಗಳ ಮದುವೆ, 600 ಜನ, ಪನ್ನೀರು ಹಾಕಿ ಕರೆಯಲು ನಾಲ್ಕು ಹುಡುಗಿಯರು ಸಾಕೇ ಅಂತ ಕೇಳಿದ್ದೀರಿ. ಪನ್ನೀರಿಗೆ ಇಬ್ಬರು ಸಾಕು. ನಿಮಗೆ ಜನ ಬೇಕಾಗುವುದು ಊಟದ ಹಾಲ್ ಬಾಗಿಲಲ್ಲಿ.

ಲೆಕ್ಕ ಹಾಕಿ. 150 ಎಲೆ ಹಿಡಿಯುವ ಹಾಲ್ ಆದರೆ ನಾಲ್ಕು ಪಂಕ್ತಿ. ಬಡಿಸಿ, ಉಂಡು, ಎಲೆ ತೆಗೆದು, ಟೇಬಲ್ ಒರೆಸುವಷ್ಟರಲ್ಲಿ ಪಂಕ್ತಿಗೆ 40 ನಿಮಿಷ. 12:30ಕ್ಕೆ ಶುರುವಾದರೆ ಕೊನೆಯವರು ಏಳುವುದು 3:10ಕ್ಕೆ. ಆದರೆ ಅಕ್ಷತೆ ಬಿದ್ದ ಕೂಡಲೇ ಅರ್ಧ ಸಭೆ ಊಟಕ್ಕೆ ಏಳುತ್ತದೆ. ತಡೆಯುವವರಿಲ್ಲದಿದ್ದರೆ ಮಜ್ಜಿಗೆ ಅನ್ನ ಕಲಸುತ್ತಿರುವವರ ಬೆನ್ನಿಗೇ ಬಂದು ನಿಲ್ಲುತ್ತಾರೆ.

ಅಲ್ಲಿ ಇಬ್ಬರನ್ನು ನಿಲ್ಲಿಸಿ. ಒಬ್ಬರು ಎಣಿಸಿ 140 ಜನರನ್ನಷ್ಟೇ ಬಿಡಬೇಕು. ಉಳಿದ 10 ಎಲೆ ವಯಸ್ಸಾದವರಿಗೆ, ಮಗು ಎತ್ತಿಕೊಂಡವರಿಗೆ, ಬಸ್ಸಿಗೆ ಹೊರಟವರಿಗೆ. ಇನ್ನೊಬ್ಬರು ಒಳಗಿನ ಮೂಲೆಯಿಂದ ಸಾಲು ತುಂಬಿಸುತ್ತ ಬರಬೇಕು, ಇಲ್ಲವಾದರೆ ಎಲ್ಲರೂ ಬಾಗಿಲ ಹತ್ತಿರವೇ ಕೂತುಬಿಡುತ್ತಾರೆ. ಬರೀ "ಭರ್ತಿ ಆಯ್ತು" ಅಂದರೆ ಜನರಿಗೆ ಬೇಜಾರು. "ಮುಂದಿನ ಪಂಕ್ತಿಗೆ ಅರ್ಧ ಗಂಟೆ ಇದೆ, ಅಲ್ಲಿ ಕೂತಿರಿ, ನಾನೇ ಕರೀತೀನಿ" ಅನ್ನಬೇಕು. ಹೇಳಿದ ಮೇಲೆ ಕರೆಯಲೂ ಬೇಕು. ಇದು ಕಾಲೇಜು ಹುಡುಗರ ಕೆಲಸವಲ್ಲ. ಐವತ್ತು ದಾಟಿದ ಚಿಕ್ಕಪ್ಪನೋ ಸೋದರಮಾವನೋ ನಿಂತರೆ ಯಾರೂ ಎದುರಾಡುವುದಿಲ್ಲ. ಇಬ್ಬರಲ್ಲಿ ಒಬ್ಬರು ಗಂಡಿನ ಕಡೆಯವರಾಗಿರಲಿ. ಬೀಗರಲ್ಲಿ ಹಿರಿಯರು ಯಾರೆಂದು ನಿಮ್ಮವರಿಗೆ ಗೊತ್ತಿರುವುದಿಲ್ಲ.

ಮಂಟಪದ ಮುಂದೆ ಒಬ್ಬರು ಸಾಕು, ಮೊದಲ ಎರಡು ಸಾಲು ಬೀಗರಿಗೆ ಕಾಯ್ದಿಡಲು.

ವಾಹನಗಳಿಗೆ ಇಬ್ಬರು. ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮಳೆ ಬಂದರೆ ಮಣ್ಣಿನ ಜಾಗದಲ್ಲಿ ಚಕ್ರ ಹೂತುಹೋಗುತ್ತದೆ. ದಿಬ್ಬಣದ ಬಸ್ಸು, ಬೇಗ ಹೊರಡುವ ಕಾರು ಗಟ್ಟಿ ನೆಲದಲ್ಲಿರಲಿ, ಬಸ್ಸು ತಿರುಗಲು ಜಾಗ ಬಿಡಿ. ಇವರ ಕೈಗೆ ಆರು ದೊಡ್ಡ ಕೊಡೆ ಕೊಡಿ. ಮೆಟ್ಟಿಲ ಬಳಿ ಗೋಣಿಚೀಲ ಹಾಸಿ. ಒದ್ದೆ ಗ್ರಾನೈಟ್ ಮೇಲೆ ಅಜ್ಜಿಯರು ಜಾರುತ್ತಾರೆ.

ಬೆಂಗಳೂರಿನ ರಾತ್ರಿ ರೈಲಿನವರಿಗೆ ನಿಲ್ದಾಣದ ಹೆಸರು ಸಾಗರ ಜಂಬಗಾರು ಅಂತ ಮೊದಲೇ ತಿಳಿಸಿ, ಬರೀ "ಸಾಗರ" ಅಂತ ಕಾಯುತ್ತ ಕೂತರೆ ಕೊನೆಯ ನಿಲ್ದಾಣ ತಾಳಗುಪ್ಪ ತಲುಪಿರುತ್ತಾರೆ. ಅವರು ಬರುವ ಹೊತ್ತಿಗೆ ರೂಮಿನ ಬೀಗದಕೈ ಹಿಡಿದು ಒಬ್ಬರು ಎದ್ದಿರಬೇಕು.

ಒಟ್ಟು ಎಂಟು ಜನ. ಇವರ ಊಟ ಕೊನೆಯ ಪಂಕ್ತಿಗೆ, ಅಷ್ಟರಲ್ಲಿ ಹೋಳಿಗೆ ಮುಗಿದಿರುತ್ತದೆ. ಎಂಟು ಎಲೆಯದ್ದು ಎತ್ತಿಡಲು ಅಡುಗೆಯವರಿಗೆ ಬೆಳಗ್ಗೆಯೇ ಹೇಳಿಬಿಡಿ.