ಕಟ್ಟುವ ಹೊತ್ತಿನ ಅಪಾಯ: ಸಾರುವೆ, ಸೆಂಟ್ರಿಂಗ್ ಕುರಿತ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಸಾರುವೆ ಕಟ್ಟುವ ತಂಡಕ್ಕೆ ಸೇರಿ ಎರಡು ತಿಂಗಳಾಯಿತು. ಹೊಸ ಹಂತ ಏರಿಸುವಾಗ ತಲೆಯ ಮೇಲೆ ಬೆಲ್ಟಿನ ಕೊಂಡಿ ಸಿಕ್ಕಿಸಲು ಏನೂ ಇರುವುದಿಲ್ಲ. ಹಳಬರು ಕಾಲ ಬುಡದ ಪೈಪಿಗೇ ಸಿಕ್ಕಿಸು ಎನ್ನುತ್ತಾರೆ. ಅದು ಸರಿಯೇ?
— ಹೊಸ ಕೆಲಸಗಾರ

ಉತ್ತರ: ಸರಿಯಲ್ಲ. ಎರಡೇ ತಿಂಗಳಲ್ಲಿ ಈ ಪ್ರಶ್ನೆ ನಿಮಗೆ ಹೊಳೆದಿರುವುದು ನನಗೆ ತುಂಬ ಸಮಾಧಾನ ತಂದಿತು. ಇಪ್ಪತ್ತೇಳು ವರ್ಷ ಸಾರುವೆ ಕಟ್ಟಿದ ನಾನು ಮೊದಲ ನಾಲ್ಕು ವರ್ಷ ಇದನ್ನು ಯಾರ ಬಳಿಯೂ ಕೇಳಿರಲಿಲ್ಲ. ಗಾರೆಯವರು, ಬಣ್ಣದವರು ಹತ್ತುವ ಹೊತ್ತಿಗೆ ಕಂಬ, ಅಡ್ಡಪೈಪು, ಹಲಗೆ, ಕೈಕಂಬಿ ಎಲ್ಲವೂ ಸಿದ್ಧವಾಗಿರುತ್ತವೆ. ಕಟ್ಟುವವನ ಪಾಲಿಗೆ ಅವು ಇನ್ನೂ ಹುಟ್ಟಿರುವುದಿಲ್ಲ. ಬಿಚ್ಚುವವನ ಪಾಲಿಗೆ ಒಂದೊಂದಾಗಿ ಇಲ್ಲವಾಗುತ್ತಿರುತ್ತವೆ. ಕಟ್ಟಿ ಮುಗಿದ ಸಾರುವೆಗಿಂತ ಅರ್ಧ ಕಟ್ಟಿದ ಸಾರುವೆಗೇ ನಾನು ಹೆಚ್ಚು ಹೆದರುವುದು ಅದಕ್ಕೇ.

ಕಾಲ ಬುಡದ ಲೆಕ್ಕ ನೋಡಿ. ಬೆಲ್ಟಿನ ಹಗ್ಗ ಸೇರುವ ಬೆನ್ನ ಮೇಲಿನ ಉಂಗುರ ನಿಮ್ಮ ಪಾದದಿಂದ ಸುಮಾರು 1.5 ಮೀಟರ್ ಎತ್ತರದಲ್ಲಿರುತ್ತದೆ. ಉಂಗುರದಿಂದ ಕೊಂಡಿಯವರೆಗಿನ ಹಗ್ಗ 1.8 ಮೀಟರ್ ಇದ್ದರೆ ಅದು ಬಿಗಿಯುವ ಮೊದಲೇ ನೀವು 3.3 ಮೀಟರ್ ಬಿದ್ದಾಗಿರುತ್ತದೆ. ಕೊಂಡಿ ಭುಜದ ಮಟ್ಟದಲ್ಲಿದ್ದರೆ ಬೀಳುವ ದೂರ 1.8 ಮೀಟರ್. ಆಗಲೂ ಹಗ್ಗದ ಉದ್ದ, ಎಳೆತ ತಡೆಯುವ ಪಟ್ಟಿ ಬಿಚ್ಚಿಕೊಳ್ಳುವ ಒಂದು ಮೀಟರಿಗೂ ಮಿಕ್ಕ ದೂರ, ಉಂಗುರದಿಂದ ಪಾದದವರೆಗಿನ ದೇಹ, ಅದರ ಕೆಳಗೆ ಒಂದು ಮೀಟರ್ ಬಿಡುವು, ಇಷ್ಟನ್ನೂ ಕೂಡಿದರೆ ಕೊಂಡಿಯಿಂದ ನೆಲಕ್ಕೆ ಐದೂವರೆ ಮೀಟರಾದರೂ ಬೇಕು. ಮೊದಲ ಎರಡು ಹಂತಗಳಲ್ಲಿ ಅಷ್ಟು ಜಾಗವೇ ಇರುವುದಿಲ್ಲ. ಬೆಲ್ಟ್ ಇದ್ದೂ ನೆಲಕ್ಕೆ ಬಡಿಯುತ್ತೀರಿ.

ಹಾಗಾದರೆ ದಾರಿ ಏನು? ಮೇಲಿನ ಹಂತದ ಕೈಕಂಬಿಯನ್ನು ಕೆಳಗಿನ ಹಂತದಲ್ಲಿ ನಿಂತೇ ಕೂರಿಸಬೇಕು. ಇದಕ್ಕೆಂದೇ ಮಾಡಿದ ಚೌಕಟ್ಟುಗಳಿವೆ. ಪೂರ್ತಿ ಹಲಗೆ ಹಾಸಿದ ಜಾಗದಲ್ಲಿ ನಿಂತು ಅವನ್ನು ಮೇಲಕ್ಕೆ ಎತ್ತಿ ಸಿಕ್ಕಿಸಬಹುದು. ಅವು ಇಲ್ಲದ ಕಡೆ ಸಣ್ಣ ಮೆಟ್ಟಿಲು ಕಟ್ಟೆ ಇಟ್ಟುಕೊಂಡು ಪೈಪನ್ನೇ ಬಿಗಿಯಬಹುದು. ಆಮೇಲೆ ಮೇಲೆ ಹತ್ತಿ. ಕೊಂಡಿ ಹಾಕಲೇಬೇಕಾದ ಕಡೆ, ಅಡ್ಡಪೈಪು ಕಂಬಕ್ಕೆ ಸೇರುವ ಗಂಟಿನ ಪಕ್ಕದಲ್ಲಿ, ಆಗಲೇ ಓರೆಪೈಪು ಬಿಗಿದು ಕಟ್ಟಡಕ್ಕೆ ಕಟ್ಟಿರುವ ಭಾಗದಲ್ಲಿ ಹಾಕಿ. ತುದಿ ತೆರೆದಿರುವ ಕಂಬಕ್ಕೆ ಬೇಡ, ಕೊಂಡಿ ಮೇಲಿನಿಂದ ಜಾರಿ ಹೊರಬರುತ್ತದೆ. ಎರಡು ಹಗ್ಗದ ಬೆಲ್ಟನ್ನೇ ಕೇಳಿ ಪಡೆಯಿರಿ. ಒಂದನ್ನು ಬಿಚ್ಚುವ ಮುನ್ನ ಇನ್ನೊಂದು ಸಿಕ್ಕಿರಬೇಕು.

ಹಲಗೆಯ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಾನು ಬಿದ್ದದ್ದು ಅದರಿಂದಲೇ. ಆಗ ನನಗೆ ಇಪ್ಪತ್ತೊಂದು ವರ್ಷ. ಬಿಚ್ಚುವ ಕೆಲಸ ನಡೆದಿತ್ತು. ಯಾರೋ ನಡುವಿನ ಅಡ್ಡಪೈಪೊಂದನ್ನು ಮೊದಲೇ ತೆಗೆದಿದ್ದರು, ಹಲಗೆಯ ತುದಿ ಆಧಾರದಿಂದಾಚೆ ಒಂದು ಮೊಳ ಚಾಚಿಕೊಂಡಿತ್ತು. ಕಾಲಿಟ್ಟ ಕೂಡಲೇ ಇನ್ನೊಂದು ತುದಿ ನನ್ನ ಮುಖದ ಎತ್ತರಕ್ಕೆ ಎದ್ದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅದರ ತುದಿಯ ಕಬ್ಬಿಣದ ಪಟ್ಟಿ, ಅದಕ್ಕೆ ಮೆತ್ತಿದ್ದ ಒಣ ಗಾರೆ. ಕೆಳಗಿನ ಹಂತದ ಮೇಲೆ ಬಿದ್ದೆ, ಕೊರಳೆಲುಬು ಮುರಿಯಿತು. ಆ ಹಂತದ ಹಲಗೆ ಬಿಚ್ಚದೆ ಉಳಿಸಿದ್ದರಿಂದ ಇಂದು ಬರೆಯುತ್ತಿದ್ದೇನೆ. ಹಲಗೆಯ ತುದಿ ಆಧಾರದಿಂದ 5 ಸೆಂಟಿಮೀಟರಿಗಿಂತ ಕಡಿಮೆಯೂ ಇರಬಾರದು, ಅದರ ದಪ್ಪದ ನಾಲ್ಕು ಪಟ್ಟಿಗಿಂತ ಹೆಚ್ಚೂ ಚಾಚಬಾರದು.

ಪ್ರಶ್ನೆ: ತಾರಸಿಯ ಹಸಿ ಕಾಂಕ್ರೀಟನ್ನು ಹೊರುವ ಸೆಂಟ್ರಿಂಗ್ ಜಾಕ್‌ಗಳಲ್ಲಿ (ಪೈಪಿನೊಳಗೆ ಪೈಪು ಇರುವ ಆಸರೆ ಕಂಬಗಳಲ್ಲಿ) ಕೆಲವಕ್ಕೆ ಪಿನ್ ಕಳೆದುಹೋಗಿದೆ. ಮೇಸ್ತ್ರಿ 8 ಮಿಲಿಮೀಟರ್ ಕಂಬಿ ಬಗ್ಗಿಸಿ ತೂರಿಸಿದ್ದಾರೆ. ಒಂದೆರಡು ಜಾಕ್‌ಗಳ ಕೆಳಗೆ ಇಟ್ಟಿಗೆಯನ್ನೂ ಇಟ್ಟಿದ್ದಾರೆ. ಎರಡು ದಿನದ ಮಟ್ಟಿಗೆ ಪರವಾಗಿಲ್ಲವೇ?
— ಮನೆ ಕಟ್ಟಿಸುತ್ತಿರುವವರು

ಉತ್ತರ: ದಯವಿಟ್ಟು ಕಾಂಕ್ರೀಟ್ ಸುರಿಯುವುದನ್ನು ನಿಲ್ಲಿಸಿ. ಪಿನ್ ಬದಲಿಸಿದ ಮೇಲೆ ಮುಂದುವರಿಯಿರಿ.

ಹಸಿ ಕಾಂಕ್ರೀಟಿನ ತೂಕ ಘನ ಮೀಟರಿಗೆ ಸುಮಾರು 2,500 ಕಿಲೋ. 15 ಸೆಂಟಿಮೀಟರ್ ದಪ್ಪದ ತಾರಸಿ ಎಂದರೆ ಚದರ ಮೀಟರಿಗೆ 375 ಕಿಲೋ. ಜಾಕ್‌ಗಳು ಎರಡೂ ದಿಕ್ಕಿಗೆ 1.2 ಮೀಟರಿಗೊಂದರಂತೆ ಇದ್ದರೆ ಒಂದೊಂದರ ಮೇಲೂ 540 ಕಿಲೋ. ಶೀಟು, ಕೆಲಸಗಾರರು, ಒಂದೇ ಕಡೆ ಗುಡ್ಡೆ ಹಾಕಿದ ಕಾಂಕ್ರೀಟು, ಇವೆಲ್ಲ ಅದರ ಮೇಲೆ. ಅಷ್ಟೂ ಭಾರ ಒಳಪೈಪಿನಿಂದ ಹೊರಪೈಪಿಗೆ ದಾಟುವುದು ಆ ಒಂದೇ ಪಿನ್ನಿನ ಮೂಲಕ. ಅದನ್ನು ಗಟ್ಟಿ ಉಕ್ಕಿನಲ್ಲಿ, ತೂತಿಗೆ ಸರಿಯಾದ ದಪ್ಪದಲ್ಲಿ ಮಾಡಿರುತ್ತಾರೆ. ಬಗ್ಗಿಸಿದ ಕಂಬಿ ತೂತಿನಲ್ಲಿ ಸಡಿಲವಾಗಿ ಕೂತು ಇನ್ನೂ ಬಗ್ಗುತ್ತದೆ. ಒಂದು ಜಾಕ್ ಕುಸಿದರೆ ಅದರ ಹೊರೆ ಪಕ್ಕದವುಗಳ ಮೇಲೆ ಬೀಳುತ್ತದೆ, ಅವೂ ಕುಸಿಯುತ್ತವೆ.

ಇಟ್ಟಿಗೆ ತೆಗೆಸಿ, ಜಾಕಿನ ತಳದ ತಟ್ಟೆಯ ಕೆಳಗೆ ದಪ್ಪ ಹಲಗೆ ಹಾಕಿಸಿ. ಮಳೆ ಬಂದರೆ ಸುರಿಯುವ ಮುನ್ನ ತಳವನ್ನೆಲ್ಲ ಮತ್ತೆ ನೋಡಿ. ಎತ್ತರದ ಜಾಕ್‌ಗಳನ್ನು ನಡುವಿನಲ್ಲಿ ಎರಡೂ ದಿಕ್ಕಿಗೆ ಪೈಪು ಬಿಗಿದು ಕಟ್ಟಿಸಿ. ನೀಳ ಕಂಬದ ಉದ್ದ ಎರಡು ಪಟ್ಟಾದರೆ ಅದು ಬಾಗದೆ ಹೊರುವ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ಕೊನೆಗೆ ತೂಕುಗುಂಡು ಹಿಡಿದು ನೇರ ನೋಡಿ, ಒಂದೊಂದು ಜಾಕನ್ನೂ ಕೈಯಲ್ಲಿ ಹಿಡಿದು ಅಲುಗಿಸಿ. ಮೇಲಿನ ಮರಕ್ಕೆ ಬಿಗಿಯಾಗಿ ಕೂತದ್ದು ಅಲುಗುವುದಿಲ್ಲ. ಕೂರದಿರುವುದು ಕೈಯಲ್ಲೇ ಗಡಗಡ ಎನ್ನುತ್ತದೆ. ಸುರಿಯುವಾಗ ಕೆಳಗೆ ಯಾರೂ ಓಡಾಡಕೂಡದು.

ಪ್ರಶ್ನೆ: ಮರುದಿನವೇ ಕಾಂಕ್ರೀಟ್ ಕಲ್ಲಿನಂತೆ ಗಟ್ಟಿಯಾಗಿತ್ತು. ಆದರೂ ಎಂಜಿನಿಯರ್ ಆಸರೆ ಮುಟ್ಟಲು ಬಿಡುವುದಿಲ್ಲ. ಇಷ್ಟು ಹಟವೇಕೆ?
— ಸೆಂಟ್ರಿಂಗ್ ಗುತ್ತಿಗೆದಾರರು

ಉತ್ತರ: ಅವರ ಹಟ ನ್ಯಾಯವಾದದ್ದು. ಉಗುರು ತಾಗಿಸಿದರೆ ತಿಳಿಯುವುದು ಮೇಲ್ಮೈ ಮಾತ್ರ. 1978ರ ಏಪ್ರಿಲ್ 27ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲೋ ಐಲೆಂಡ್‌ನಲ್ಲಿ ವಿದ್ಯುತ್ ಸ್ಥಾವರದ ಕೂಲಿಂಗ್ ಟವರ್ (ನೀರು ತಣಿಸುವ ಗೋಪುರ) ಮೇಲೇಳುತ್ತಿತ್ತು. ಸಾರುವೆಯನ್ನು ನೆಲದಿಂದ ಎಬ್ಬಿಸಿರಲಿಲ್ಲ, ಗೋಪುರದ ಕಾಂಕ್ರೀಟಿಗೇ ಬೋಲ್ಟ್ ಮಾಡಿದ್ದರು. ಹಿಂದಿನ ದಿನದ ಕಾಂಕ್ರೀಟ್ ಅದನ್ನು ಹೊರುವಷ್ಟು ಬಲಿತಿರಲಿಲ್ಲ. ಸಾರುವೆ ಕಳಚಿ 51 ಮಂದಿ ಸತ್ತರು. ನಾನು ಈ ಘಟನೆಯನ್ನು ಹೊಸಬರ ಪ್ರತಿ ತಂಡಕ್ಕೂ ಹೇಳುತ್ತಿದ್ದೆ.

ತಂಪಿನಲ್ಲಿ ಕಾಂಕ್ರೀಟ್ ಇನ್ನೂ ನಿಧಾನವಾಗಿ ಬಲಿಯುತ್ತದೆ. ಹಾಗಾಗಿ ಅದೇ ಕಾಂಕ್ರೀಟಿನಿಂದ ಪರೀಕ್ಷೆಗೆಂದು ಎರೆದ ತುಂಡುಗಳನ್ನು ಅದೇ ತಾರಸಿಯ ಪಕ್ಕದಲ್ಲಿ, ಅದೇ ಚಳಿಯಲ್ಲಿ ಇಟ್ಟು ಒಡೆಸಿ ನೋಡಿ. ಎಂಜಿನಿಯರ್ ಬರೆದು ಕೊಟ್ಟ ಮೇಲೆ ತೆಗೆಯುವಾಗ, ಎರಡು ಕಡೆ ಆಧಾರವಿರುವ ತಾರಸಿಯಲ್ಲಿ ನಡುವಿನಿಂದ ಅಂಚಿನತ್ತ ಬನ್ನಿ. ಗೋಡೆಯಿಂದ ಚಾಚಿದ ಸಜ್ಜಾ, ಬಾಲ್ಕನಿಗಳಲ್ಲಿ ಹೊರತುದಿಯಿಂದ ಗೋಡೆಯತ್ತ ಬನ್ನಿ.

ಪ್ರಶ್ನೆ: ನನ್ನ ಪತಿ ಎತ್ತರದಲ್ಲಿ ಕೆಲಸ ಮಾಡುತ್ತಾರೆ. ಬೆಲ್ಟ್ ಹಾಕಿಕೊಂಡರೆ ನಾನು ನಿಶ್ಚಿಂತಳಾಗಿರಬಹುದೇ?
— ಓದುಗರು

ಉತ್ತರ: ಬೆಲ್ಟ್ ಬೀಳುವುದನ್ನು ತಡೆದು ಮನುಷ್ಯನನ್ನು ನೇತಾಡಿಸುತ್ತದೆ. ಅಲುಗಾಡದೆ ನೇತಾಡುವಾಗ ರಕ್ತ ಕಾಲುಗಳಲ್ಲೇ ನಿಲ್ಲುತ್ತದೆ. ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೇ ಕುತ್ತು ಬರಬಹುದು. ಕಾಲಿಟ್ಟು ನಿಲ್ಲಲು ಬೆಲ್ಟಿಗೆ ಕುಣಿಕೆಪಟ್ಟಿ ಇದೆಯೇ, ತಾನು ನೇತಾಡಿದರೆ ಯಾರು, ಯಾವ ಏಣಿಯಿಂದ ಇಳಿಸುತ್ತಾರೆ ಎಂದು ಅವರನ್ನು ಇಂದೇ ಕೇಳಿ. ಗೊತ್ತಿಲ್ಲ ಎಂದರೆ, ನಾಳೆ ಮೇಲೆ ಹತ್ತುವ ಮುನ್ನ ಮೇಸ್ತ್ರಿಯ ಬಾಯಿಂದ ಉತ್ತರ ಪಡೆದುಕೊಳ್ಳಲು ಹೇಳಿ.