ವೇಲ್ಸ್‌ನಲ್ಲಿ ಊರೂರಿನ ಸಣ್ಣ ಫುಟ್ಬಾಲ್ ಮ್ಯಾಚುಗಳಿಗೆ ಗುರುತಿಲ್ಲದವರು ಹೋಗಬಹುದಾ? ಅಲ್ಲಿ ನೋಡೋಕೆ ಏನಿದೆ?

ಕಾರ್ಡಿಫ್‌ಗೆ ಓದಲು ಬಂದು ಎರಡು ತಿಂಗಳಾಯಿತು, ಪ್ರೀಮಿಯರ್ ಲೀಗ್ ಟಿಕೆಟ್ಟಿನ ರೇಟು ನೋಡಿ ತಲೆ ತಿರುಗಿತು, ಜೊತೆಗೆ ಓದುವ ಹುಡುಗ 'ಇಲ್ಲಿನ ಲೋಕಲ್ ಕ್ಲಬ್ಬುಗಳ ಆಟ ನೋಡು' ಅಂದ, ಆದರೆ ಕಾರಿಲ್ಲ, ಪರಿಚಯದವರಿಲ್ಲ, ಹೋದರೆ ಒಂಥರಾ ನೋಡುತ್ತಾರೇನೋ ಅಂತ ಅಳುಕು. ನೀವು ಬರೆದಿದ್ದರ ಸಾರ ಇಷ್ಟು ತಾನೇ?

ಅಲ್ಲಿ ನೋಡೋಕೆ ಏನಿದೆ ಅನ್ನುವ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ನೋಡೋಕೆ ಅಂತ ಹೋದರೆ ನಿರಾಸೆ ಆಗಬಹುದು. ಕೇಳೋಕೆ ಹೋಗಿ.

ನಾನು ಗದಗದ ಕಡೆಯವನು. ಪಾಂಟಿಪ್ರಿಡ್ ಹತ್ತಿರ ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್ ಆಗಿ ಒಂಬತ್ತು ವರ್ಷ ಆಯಿತು. ಬಂದಾಗ ನನ್ನ ಪಾಲಿಗೆ ಫುಟ್ಬಾಲ್ ಅಂದರೆ ನಾಲ್ಕು ವರ್ಷಕ್ಕೊಮ್ಮೆ ನಿದ್ದೆಗೆಟ್ಟು ನೋಡುವ ವರ್ಲ್ಡ್ ಕಪ್, ಅಷ್ಟೇ. ತಿಂಗಳಿಗೊಮ್ಮೆ ಬಿಪಿ ಮಾತ್ರೆ ಒಯ್ಯಲು ಬರುವ ಅಜ್ಜ ಒಬ್ಬರಿದ್ದರು. ಒಂದಿನ ಮಾತ್ರೆ ಎಣಿಸಿ ಕೊಡುವಾಗ 'ಶನಿವಾರ ಏನು ಮಾಡುತ್ತೀಯ' ಅಂದರು. 'ಬಟ್ಟೆ ಒಗೆಯುತ್ತೇನೆ' ಅಂದೆ. ಆ ಶನಿವಾರ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಕಣಿವೆಯ ಒಂದು ಊರಿಗೆ ಹೊರಟೇಬಿಟ್ಟರು.

ನವೆಂಬರ್ ತಿಂಗಳು. ಮೈದಾನದ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಹೊಳೆ, ಮಧ್ಯೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಇಳಿಜಾರಾದ ಹುಲ್ಲು. ಜನ ಐವತ್ತೋ ಅರವತ್ತೋ, ನಾಯಿ ನಾಲ್ಕು. ಆಟಗಾರರು ಬಟ್ಟೆ ಬದಲಾಯಿಸುವ ಕೋಣೆಯಿಂದ ಪಿಚ್‌ಗೆ ಬರಲು ಹತ್ತು ಮಾರು ಸಿಮೆಂಟಿನ ದಾರಿ. ಇಪ್ಪತ್ತೆರಡು ಜನ ಬೂಟಿನ ಮೊಳೆ ಊರಿಕೊಂಡು ಅದರ ಮೇಲೆ ಕರಕರ ಅಂತ ನಡೆದು ಬಂದರು ನೋಡಿ, ಆ ಸದ್ದಿಗೇ ನಾನು ಬಿದ್ದುಹೋದೆ. ಟಿವಿಯಲ್ಲಿ ಅದು ಕೇಳುವುದೇ ಇಲ್ಲ. ಗೋಲ್‌ಕೀಪರ್ ತೊಂಬತ್ತು ನಿಮಿಷವೂ ಬಾಯಿ ಮುಚ್ಚಲಿಲ್ಲ. ನಮ್ಮ ಬಸ್ ಕಂಡಕ್ಟರು 'ಹೋಲ್ಡಾನ್, ರೈಟ್ ರೈಟ್, ಒಳಗ ನಡೀರಿ' ಅನ್ನುತ್ತಲೇ ಇರುತ್ತಾನಲ್ಲ, ಥೇಟ್ ಹಾಗೆ: ಹಿಂದೆ ಒಬ್ಬ ಇದ್ದಾನೆ, ಟೈಮ್ ಇದೆ, ಆಚೆ ಹೊಡಿ, ಮೇಲೆ ಬಾ. ಇಬ್ಬರು ಹೆಡ್ ಮಾಡಲು ಹಾರಿ ತಲೆಗೆ ತಲೆ ತಾಗಿದಾಗ ಎರಡು ತೆಂಗಿನಕಾಯಿ ಕುಟ್ಟಿದಂತಾಯಿತು. ರೆಫ್ರಿ ಒಬ್ಬ ಹುಡುಗನನ್ನು ಪಕ್ಕಕ್ಕೆ ಕರೆದು 'ಎರಡು ಸಲ ಹೇಳಿದೀನಿ, ಮೂರನೇ ಸಲ ಹೇಳಲ್ಲ' ಅಂದಿದ್ದು ನನಗೇ ಅಂದ ಹಾಗಿತ್ತು. ಅಷ್ಟು ಹತ್ತಿರ. ಚೆಂಡು ಹೊಳೆಗೆ ಬಿದ್ದರೆ ಎತ್ತಲು ಉದ್ದ ಕೋಲಿಗೆ ಬಲೆ ಕಟ್ಟಿಕೊಂಡು ಒಬ್ಬ ಪೋರ ತಯಾರಾಗಿ ನಿಂತಿದ್ದ, ಆ ದಿನ ಮೂರು ಸಲ ಓಡಿದ. ಸ್ಕೋರ್ ಎಷ್ಟಾಯಿತೋ ಈಗ ಮರೆತಿದ್ದೇನೆ.

ಹಾಗೆ ಶುರುವಾದದ್ದು. ಈಗ ನನ್ನ ನೋಟ್‌ಬುಕ್ಕಿನಲ್ಲಿ 61 ಮೈದಾನಗಳ ಹೆಸರಿದೆ. ಇದೇ ಹುಚ್ಚಿನಲ್ಲಿ ಊರೂರು ಅಲೆಯುವವರಿಗೆ ಇಲ್ಲಿ ಗ್ರೌಂಡ್‌ಹಾಪರ್ ಅಂತಾರೆ. ಅವರಲ್ಲಿ ಕೆಲವರದು ಮಡಿ ಜಾಸ್ತಿ: ಗೋಲೇ ಬೀಳದ ಮ್ಯಾಚ್ ಆದರೆ ಆ ಮೈದಾನ ಲೆಕ್ಕಕ್ಕಿಲ್ಲ ಅನ್ನುತ್ತಾರೆ. ನಾನು ಅಷ್ಟು ಕಟ್ಟುನಿಟ್ಟಿನವನಲ್ಲ.

ಲೀಗಿನ ವ್ಯವಸ್ಥೆ ಚುಟುಕಾಗಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗೊಂದಲ ಆಗುತ್ತದೆ. ವೇಲ್ಸ್‌ನ ಫುಟ್ಬಾಲ್ ಸಂಸ್ಥೆ 1876ರದು, ಜಗತ್ತಿನಲ್ಲೇ ಮೂರನೇ ಹಳೆಯದು. ಆದರೆ ಇಡೀ ದೇಶಕ್ಕೊಂದು ಲೀಗ್ ಅಂತ ಆಗಿದ್ದು 1992ರಲ್ಲಿ. ಅದಕ್ಕೀಗ ಕಮ್ರಿ ಪ್ರೀಮಿಯರ್ ಅಂತ ಹೆಸರು; ಕಮ್ರಿ ಅಂದರೆ ವೇಲ್ಸ್‌ಗೆ ವೇಲ್ಸ್‌ನವರದೇ ಹೆಸರು. ಅದರ ಕೆಳಗೆ ಕಮ್ರಿ ನಾರ್ತ್, ಕಮ್ರಿ ಸೌತ್. ಅದರ ಕೆಳಗೆ ಆರ್ದಲ್ ಲೀಗುಗಳು, ಆರ್ದಲ್ ಅಂದರೆ ಪ್ರದೇಶ. ಅದಕ್ಕೂ ಕೆಳಗೆ ಜಿಲ್ಲಾ ಮಟ್ಟದ್ದು. ಕಾರ್ಡಿಫ್, ಸ್ವಾನ್ಸಿ, ರೆಕ್ಸ್‌ಹ್ಯಾಮ್, ನ್ಯೂಪೋರ್ಟ್ ಇಂಗ್ಲೆಂಡಿನ ಲೀಗಿನಲ್ಲೇ ಉಳಿದವು. 1992ರಲ್ಲಿ ನ್ಯೂಪೋರ್ಟ್ ಸೇರಿ ಕೆಲವು ಸಣ್ಣ ಕ್ಲಬ್ಬುಗಳು ಹೊಸ ಲೀಗಿಗೆ ಬರುವುದಿಲ್ಲ ಅಂತ ಹಟ ಹಿಡಿದವು. ಹಟ ಬಿಡದವರು ತವರಿನ ಪಂದ್ಯಗಳನ್ನು ಗಡಿ ದಾಟಿ ಇಂಗ್ಲೆಂಡಿನಲ್ಲಿ ಆಡಬೇಕಾಯಿತು, ಕೋರ್ಟಿಗೆ ಹೋಗಿ 1995ರಲ್ಲಿ ಗೆದ್ದು ಮನೆಗೆ ಬಂದರು. ಮೆರ್ಥರ್ ಕ್ಲಬ್ಬು ಇವತ್ತಿಗೂ ಇಂಗ್ಲೆಂಡಿನ ಲೀಗಿನಲ್ಲೇ ಆಡುತ್ತದೆ.

ಕಾರಿಲ್ಲದ ನಿಮಗೆ ಮೊದಲ ಮ್ಯಾಚಿಗೆ ನನ್ನ ಸಲಹೆ ಕಾರ್ಡಿಫ್ ಮೆಟ್. ಕಿನ್‌ಕೋಯ್ಡ್ ಕ್ಯಾಂಪಸ್‌ನಲ್ಲೇ ಆಡುತ್ತಾರೆ, ಸಿಟಿ ಬಸ್ ಸಾಕು. ಅದು ವಿಶ್ವವಿದ್ಯಾಲಯದ ಟೀಮು. 2019ರಲ್ಲಿ ಯುರೋಪಾ ಲೀಗಿನ ಅರ್ಹತಾ ಸುತ್ತಿಗೆ ಹೋಗಿ ಲಕ್ಸೆಂಬರ್ಗ್‌ನ ಕ್ಲಬ್ಬಿನ ಜೊತೆ ಎರಡೂ ಪಂದ್ಯ ಸೇರಿ ಸಮ ಮಾಡಿಕೊಂಡು, ಎದುರಾಳಿಯ ಊರಿನಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಹೊರಬಿದ್ದರು. ಬ್ರಿಟನ್ನಿನ ವಿಶ್ವವಿದ್ಯಾಲಯದ ತಂಡವೊಂದು ಯುರೋಪಿನ ಟೂರ್ನಿಗೆ ಹೋಗಿದ್ದು ಅದೇ ಮೊದಲು.

ಎರಡನೆಯದು ಬ್ಯಾರಿ. ರೈಲು ಹತ್ತಿ ಕ್ಯಾಡಾಕ್ಸ್‌ಟನ್‌ನಲ್ಲಿ ಇಳಿದರೆ ಜೆನ್ನರ್ ಪಾರ್ಕಿಗೆ ನಡೆದೇ ಹೋಗಬಹುದು. ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಆಟ ಸ್ವಲ್ಪ ದೂರ, ಕೇಳುವುದು ಕಮ್ಮಿ. ಆದರೂ ಹೋಗಿ, ಆ ಕ್ಲಬ್ಬಿನ ಕಥೆಗೋಸ್ಕರ. 2001ರಲ್ಲಿ ಚಾಂಪಿಯನ್ಸ್ ಲೀಗಿನ ಅರ್ಹತಾ ಸುತ್ತಿನಲ್ಲಿ ಪೋರ್ಚುಗಲ್‌ನ ಪೋರ್ಟೊ ಇವರನ್ನು ಅಲ್ಲಿ 8-0 ಬಡಿದಿತ್ತು. ವಾರದ ನಂತರ ಇಲ್ಲಿಗೆ ಬಂದಾಗ ಬ್ಯಾರಿ 3-1 ಗೆದ್ದಿತು. ಒಟ್ಟು ಲೆಕ್ಕದಲ್ಲಿ ಸೋಲೇ, ಆದರೆ ಆ 3-1 ಅನ್ನು ಇಲ್ಲಿನ ಹಿರಿಯರ ಎದುರು ಸೋಲು ಅಂದು ನೋಡಿ! ಆಮೇಲೆ ದುಡ್ಡು ಮುಗಿಯಿತು, ಕ್ಲಬ್ಬು ದಿವಾಳಿಯಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. 2013ರಲ್ಲಿ ಮಾಲೀಕರು ಸೀಸನ್ ಮುಗಿಯಲು ಎರಡೇ ಪಂದ್ಯ ಬಾಕಿ ಇರುವಾಗ ತಂಡವನ್ನು ಲೀಗಿನಿಂದ ಹಿಂತೆಗೆದರು. ಅಷ್ಟೊತ್ತಿಗಾಗಲೇ ಟೀಮನ್ನು ನಡೆಸುತ್ತಿದ್ದವರು ಅಭಿಮಾನಿಗಳೇ. ಅವರು ಹೊಸ ಹೆಸರಿನಲ್ಲಿ ಅರ್ಜಿ ಹಾಕಿದರೆ ಸಂಸ್ಥೆ ಲೀಗಿಗೆ ಸೇರಿಸಿಕೊಳ್ಳಲಿಲ್ಲ, ತೀರಾ ಕೆಳಗಿಂದ ಬನ್ನಿ ಅಂದಿತು. ಅವರೂ ಕೋರ್ಟ್ ಮೆಟ್ಟಿಲು ಹತ್ತಿದರು, ಆ ಆಗಸ್ಟಿನಲ್ಲಿ ತೀರ್ಪು ಅವರ ಪರ ಬಂತು. ನಾಲ್ಕು ವರ್ಷದಲ್ಲಿ, 2017ಕ್ಕೆ, ಮತ್ತೆ ಮೇಲಿನ ಲೀಗಿಗೆ ಹತ್ತಿದರು. ಅರ್ಜಿ, ವಕೀಲ, ವಾಯಿದೆ ಅಂತ ಓಡಾಡಿ ಟೀಮು ಉಳಿಸಿಕೊಂಡ ಜನ ಅವರು. ನೀವು ಗೇಟಿನಲ್ಲಿ ದುಡ್ಡು ಕೊಡುವ ವ್ಯಕ್ತಿ ಅವರಲ್ಲೊಬ್ಬರು ಇದ್ದರೂ ಇರಬಹುದು.

ರೈಲಿನ ಮಾತು ಬಂತಲ್ಲ, ಮೆರ್ಥರ್ ಕೂಡ ಸುಲಭ. ಅವರ ಮೈದಾನ ಪೆನಿಡ್ಯಾರೆನ್ ಪಾರ್ಕ್, ರೈಲು ಸ್ಟೇಷನ್ನಿನಿಂದ ನಡೆಯುವಷ್ಟೇ ದೂರ. 1987ರಲ್ಲಿ ಇಟಲಿಯ ಅಟಲಾಂಟಾವನ್ನು 2-1 ಸೋಲಿಸಿದ ಮೈದಾನ ಅದು. ರೋಮನ್ನರ ಕಾಲದ ಕೋಟೆಯೊಂದರ ಜಾಗದ ಮೇಲೆ ನಿಂತಿದೆ ಅನ್ನುವುದು ಇನ್ನೊಂದು ವಿಶೇಷ.

ಆದರೆ ಮನಸ್ಸಿಟ್ಟು ಹೋಗಬೇಕಾದ್ದು ಉತ್ತರಕ್ಕೆ. ಕಾರ್ಡಿಫ್‌ನಿಂದ ಉತ್ತರ ವೇಲ್ಸ್‌ಗೆ ಹೋಗುವ ರೈಲು ಇಂಗ್ಲೆಂಡಿನೊಳಗೆ ಹೊಕ್ಕು ಹೊರಬರುತ್ತದೆ, ಅರ್ಧ ದಿನ ಅದಕ್ಕೇ ಹೋಯಿತು, ಒಂದು ರಾತ್ರಿ ಉಳಿಯಲೇಬೇಕು. ಬಾಲಾ ಅನ್ನುವ ಕೆರೆ ದಂಡೆಯ ಊರಿದೆ, ಜನಸಂಖ್ಯೆ ಸುಮಾರು 2,000. ನಮ್ಮಲ್ಲಿ ಇಷ್ಟು ಜನರ ಊರಿಗೆ ಎಕ್ಸ್‌ಪ್ರೆಸ್ ಬಸ್ಸೂ ನಿಲ್ಲುವುದಿಲ್ಲ. ಅಲ್ಲಿನ ಕ್ಲಬ್ಬು ಯುರೋಪಿನ ಟೂರ್ನಿ ಆಡಿದೆ. ಲ್ಲಾನ್‌ಬೆರಿಸ್ ಅನ್ನುವ ಇನ್ನೊಂದು ಊರಿನಲ್ಲಿ 1969ರಲ್ಲಿ ಮುಚ್ಚಿದ ಸ್ಲೇಟು ಕಲ್ಲಿನ ಗಣಿ ಕೆರೆಯಾಚೆಯ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕೊರೆದಿಟ್ಟಿದೆ. ಚೆಂಡು ಔಟ್ ಆದಾಗೆಲ್ಲ ಕಣ್ಣು ಅಲ್ಲಿಗೇ ಹೋಗುತ್ತದೆ. (ಊರಿನ ಹೆಸರಿನ ಆ ಮೊದಲ ಅಕ್ಷರ ನಮ್ಮ ಲಿಪಿಯಲ್ಲಿಲ್ಲ. ನಾಲಿಗೆಯನ್ನು 'ಲ' ಜಾಗಕ್ಕೆ ಇಟ್ಟು ಗಾಳಿ ಊದಬೇಕು. ಒಂಬತ್ತು ವರ್ಷದಿಂದ ಊದುತ್ತಿದ್ದೇನೆ.)

ಅಲ್ಲಿ ಕಿವಿಗೆ ಬೀಳುವುದೇ ಬೇರೆ, ಯಾಕೆಂದರೆ ಆಟ ನಡೆಯುವುದು ವೆಲ್ಶ್ ಭಾಷೆಯಲ್ಲಿ. ಕಾರ್ನಾರ್ವನ್ ಸುತ್ತಮುತ್ತಲ ಊರುಗಳಲ್ಲಿ ಕೋಚ್ ಬೈಯುವುದು, ಮಕ್ಕಳು ಕೂಗುವುದು, ಚೆನ್ನಾಗಿ ಆಡಿದರೆ 'ದಾ ಯಾವ್ನ್' ಅನ್ನುವುದು, ಎಲ್ಲ ಅದರಲ್ಲೇ. ಅಂಥದೊಂದು ಊರಿನಲ್ಲಿ ನನ್ನ ಪಕ್ಕ ಎಪ್ಪತ್ತು ದಾಟಿದ ಅಮ್ಮ ಒಬ್ಬರು ರೆಫ್ರಿಗೆ ಉದ್ದುದ್ದ ಮಂಗಳಾರತಿ ಎತ್ತುತ್ತಿದ್ದರು. ನಡುವೆ ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ, ಬಲು ಮರ್ಯಾದೆಯಿಂದ, 'ಕೆಟ್ಟ ಮಾತೇನೂ ಇಲ್ಲಪ್ಪ, ಅವನ ಕನ್ನಡಕದ ನಂಬರ್ ವಿಚಾರಿಸಿದೆ' ಅಂದರು. ಎರಡೇ ನಿಮಿಷಕ್ಕೆ ಸ್ಪಷ್ಟ ಪೆನಾಲ್ಟಿ ಕೊಡದಿದ್ದಾಗ ನನ್ನ ಬಾಯಿಂದ ತಾನಾಗೇ ಬಂತು: 'ಲೇ ತಮ್ಮಾ, ಕಣ್ಣ್ ಕಾಣಂಗಿಲ್ಲೇನೋ ನಿನಗ!' ಅಮ್ಮನಿಗೆ ಖುಷಿಯೋ ಖುಷಿ. ಯಾವ ಭಾಷೆ, ಎಷ್ಟು ಜನ ಆಡುತ್ತಾರೆ ಅಂತ ಕೇಳಿದರು. 4 ಕೋಟಿಗೂ ಮೇಲೆ ಅಂದೆ. ವೇಲ್ಸ್‌ನ 2021ರ ಜನಗಣತಿಯಲ್ಲಿ ವೆಲ್ಶ್ ಬರುತ್ತದೆ ಅಂದವರು 5.38 ಲಕ್ಷ. ಅಮ್ಮ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಮತ್ತೆ ರೆಫ್ರಿ ಕಡೆ ತಿರುಗಿ, ಬಿಟ್ಟಲ್ಲಿಂದ ಮುಂದುವರಿಸಿದರು. ಆ 5.38 ಲಕ್ಷದ ಸದ್ದನ್ನು ಅವರೊಬ್ಬರೇ ಮಾಡುತ್ತಿದ್ದರು.

ಈಗ ನಿಮ್ಮ ಅಳುಕಿನ ವಿಷಯ. ಒಂಥರಾ ನೋಡುತ್ತಾರಾ? ನೋಡುತ್ತಾರೆ. ಅರವತ್ತು ಜನ ಸೇರುವ ಕಡೆ ಅರವತ್ತೊಂದನೆಯವನು ಎದ್ದು ಕಾಣುತ್ತಾನೆ, ಬಣ್ಣ ಬೇರೆಯಾದರೆ ಇನ್ನಷ್ಟು. ಹತ್ತರಲ್ಲಿ ಒಂಬತ್ತು ಕಡೆ ಅದು ಬರೀ ಕುತೂಹಲ: ಎಲ್ಲಿಂದ ಬಂದೆ, ಇಷ್ಟು ದೂರ ಇದನ್ನು ನೋಡೋಕಾ, ನಿನ್ನ ತಲೆ ಸರಿಯಿದೆಯಾ. ಒಂದೇ ಒಂದು ಕಡೆ, ಊರಿನ ಹೆಸರು ಬೇಡ, ಹಿಂದಿನಿಂದ ಒಬ್ಬ ಹೊಲಸು ಮಾತಾಡಿದ. ನಾನು ತಿರುಗುವುದರೊಳಗೆ ಗೇಟಿನಲ್ಲಿದ್ದವರು ಬಂದು ಅವನನ್ನು ಹೊರಗೆ ಕಳಿಸಿದರು. ಆ ದಿನ ಮನೆಗೆ ಬಂದು ಊಟ ಮಾಡಲು ಮನಸ್ಸಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮುಂದಿನ ಶನಿವಾರ ಬೇರೆ ಊರಿಗೆ ಹೋದೆ.

ಖರ್ಚು? ಮೇಲಿನ ಲೀಗಿನಲ್ಲಿ ಹತ್ತು ಪೌಂಡ್ ಆಸುಪಾಸು, ಆರ್ದಲ್ ಮಟ್ಟದಲ್ಲಿ ನಾನು ಐದಕ್ಕಿಂತ ಹೆಚ್ಚು ಕೊಟ್ಟ ನೆನಪಿಲ್ಲ, ಅದಕ್ಕೂ ಕೆಳಗೆ ಬಕೆಟ್ ಹಿಡಿದು ಬರುತ್ತಾರೆ, ಕೈಲಾದಷ್ಟು ಹಾಕಿ. ಚಿಲ್ಲರೆ ಇಟ್ಟುಕೊಳ್ಳಿ. ವಿದ್ಯಾರ್ಥಿ ಕಾರ್ಡ್ ತೋರಿಸಿದರೆ ಕಡಿಮೆ ಆಗುತ್ತದೆ.

ಸಸ್ಯಾಹಾರಿಗಳಾದರೆ ಒಂದು ಎಚ್ಚರಿಕೆ. ಟೀ ಗೂಡಿನಲ್ಲಿ ಕಷಾಯದ ಹಾಗೆ ಕಪ್ಪಗೆ ಹಬೆಯಾಡುವ ಬೋವ್ರಿಲ್ ಅನ್ನುವುದನ್ನು ಕೊಡುತ್ತಾರೆ. ಕೊರೆಯುವ ಚಳಿಯಲ್ಲಿ ವಾಸನೆ ಬಲು ಸೆಳೆಯುತ್ತದೆ, ಆದರೆ ಅದು ದನದ ಮಾಂಸದ ಸಾರ. ಚಿಪ್ಸ್ ತಿನ್ನಿ. ಅದರ ಮೇಲೆ ಸುರಿಯುವ ಕರ್ರಿ ಸಾಸ್ ಅನ್ನುವ ಹಳದಿ ಪದಾರ್ಥಕ್ಕೂ ನಮ್ಮ ಸಾರಿಗೂ ಸಂಬಂಧ ಹುಡುಕಬೇಡಿ, ಬಿಸಿ ಇರುತ್ತದೆ, ಅಷ್ಟು ಸಾಕು.

ಹಾಫ್ ಟೈಮಿನಲ್ಲಿ ಲಾಟರಿ ಚೀಟಿ ಮಾರಲು ಬರುತ್ತಾರೆ, ಒಂದು ಪೌಂಡ್ ಹೋದರೆ ಹೋಯಿತು, ತೊಗೊಳ್ಳಿ, ಕ್ಲಬ್ಬಿಗೆ ಅದೇ ಆಸರೆ. ಬಹುಮಾನ ಏನು ಅಂತ ಮಾತ್ರ ಮೊದಲೇ ಕೇಳಿ. ನಾನು ಕೇಳಿರಲಿಲ್ಲ. ನಮ್ಮದು ಲಿಂಗಾಯತರ ಮನೆ, ಮೊಟ್ಟೆ ಕೂಡ ಹೊಸ್ತಿಲು ದಾಟುವುದಿಲ್ಲ. ಮೈಕಿನಲ್ಲಿ ನನ್ನ ನಂಬರ್ ಕೂಗಿದರು, ಹೋಗಿ ನೋಡಿದರೆ ತಟ್ಟೆ ತುಂಬ ಬೇಕನ್, ಸಾಸೇಜು, ಒಂದು ಇಡೀ ಕೋಳಿ. ಐವತ್ತು ಜನ ಚಪ್ಪಾಳೆ ತಟ್ಟುತ್ತಿದ್ದಾರೆ. ಎರಡೂ ಕೈಯಲ್ಲಿ ಪ್ರಸಾದ ಹಿಡಿದವನಂತೆ ಹಿಡಿದು ತಂದು ಬಿಪಿ ಮಾತ್ರೆಯ ಅಜ್ಜನಿಗೆ ಒಪ್ಪಿಸಿದೆ. ಮುಂದಿನ ತಿಂಗಳು ಮಾತ್ರೆಗೆ ಬಂದಾಗ ಅವರು ಮನೆಯಲ್ಲಿ ಮಾಡಿದ ವೆಲ್ಶ್ ಕೇಕ್ ಡಬ್ಬಿ ತಂದರು. ಹಂದಿ ಕೊಬ್ಬಿನದೋ ಬೆಣ್ಣೆಯದೋ ಅಂತ ವಿಚಾರಿಸಿದೆ, ಬೆಣ್ಣೆಯದು ಅಂದರು, ನಿಂತಲ್ಲೇ ನಾಲ್ಕು ತಿಂದೆ. ಮೊಟ್ಟೆ ಹಾಕಿರುತ್ತಾರೆ ಅಂತ ಆಮೇಲೆ ತಿಳಿಯಿತು. ಊರಿನಲ್ಲಿ ಅವ್ವನಿಗೆ ಇನ್ನೂ ಹೇಳಿಲ್ಲ.

ಹೊರಡುವ ಮುಂಚೆ ಒಂದು ಕೆಲಸ ತಪ್ಪಿಸಬೇಡಿ: ಬೆಳಗ್ಗೆ ಕ್ಲಬ್ಬಿನ ಫೇಸ್‌ಬುಕ್ ಪುಟ ನೋಡಿ. ರೆಫ್ರಿ ಬಂದು ಪಿಚ್ ತುಳಿದು ನೋಡುತ್ತಾರೆ, ನೀರು ನಿಂತಿದ್ದರೆ ಆಟ ಇಲ್ಲ. ನಾನೊಮ್ಮೆ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಹೋಗಿದ್ದೆ. ಹನ್ನೊಂದಕ್ಕೇ ರದ್ದು ಅಂತ ಹಾಕಿದ್ದರಂತೆ, ಗುಡ್ಡದ ನಡುವೆ ನನ್ನ ಫೋನಿಗೆ ಸಿಗ್ನಲ್ ಇರಲಿಲ್ಲ. ಗೇಟಿಗೆ ಬೀಗ. ಕಂಬಿಯ ಸಂದಿಯಲ್ಲಿ ಇಣುಕಿದರೆ ಮೈದಾನದ ನಡು ವೃತ್ತದಲ್ಲಿ ಎರಡು ಬಾತುಕೋಳಿ ಈಜುತ್ತಿದ್ದವು. ಆ ಮೈದಾನ ನೋಟ್‌ಬುಕ್ಕಿನಲ್ಲಿಲ್ಲ.

ಈಗ ನವೆಂಬರ್, ಮೇಲಿನ ಲೀಗಿನ ಪಂದ್ಯಗಳು ಹೆಚ್ಚಾಗಿ ಶನಿವಾರ ಎರಡೂವರೆಗೆ. ಫ್ಲಡ್‌ಲೈಟ್ ಇಲ್ಲದ ಕಡೆ ಚಳಿಗಾಲದಲ್ಲಿ ಇನ್ನೂ ಬೇಗ ಶುರು ಮಾಡುತ್ತಾರೆ, ನಾಲ್ಕು ದಾಟಿದರೆ ಕತ್ತಲು. ಅರ್ಧ ಗಂಟೆ ಮುಂಚೆ ಹೋಗಿ ಸಿಮೆಂಟಿನ ದಾರಿ ಪಕ್ಕ ನಿಲ್ಲಿ. ಎರಡು ಜೊತೆ ಸಾಕ್ಸ್ ಹಾಕಿಕೊಳ್ಳಿ, ಛತ್ರಿ ಬೇಡ, ಗಾಳಿಗೆ ಉಲ್ಟಾ ಆಗುತ್ತದೆ. ಚಿಪ್ಸ್ ಬೇಗ ಖಾಲಿಯಾಗುತ್ತದೆ, ಹಾಫ್ ಟೈಮ್ ಸೀಟಿಗೆ ಮೂರು ನಿಮಿಷ ಇರುವಾಗಲೇ ಸಾಲಿಗೆ ನಿಂತುಬಿಡಿ. ನಾನು ಹೀಗೆ ಸಾಲಿನಲ್ಲಿ ನಿಂತು ಇಲ್ಲಿಯವರೆಗೆ ಹನ್ನೊಂದು ಗೋಲು ತಪ್ಪಿಸಿಕೊಂಡಿದ್ದೇನೆ. ಹನ್ನೊಂದೂ ಕೇಳಿಸಿವೆ.